ನೈಸ್ ಎಂದು ಎದ್ದುಹೋದವರು

ತುಪ್ಪದಲ್ಲಿ ಲವಂಗ ಸಿಡಿದು ಕೇಸರಿಬಾತಿನ ಘಮ ಎದ್ದರೆ ಬೇರೆಯವರಿಗೆ ಹಬ್ಬ ನೆನಪಾಗಬಹುದು; ನನಗೆ ನನ್ನ ಮಂಗತನ ನೆನಪಾಗುತ್ತದೆ. ಅಕ್ಕನ ಮದುವೆ ಕೆಡಿಸಿದವನು ನಾನೇ. ಮೊದಲೇ ಹೇಳಿಬಿಟ್ಟೆ, ನನ್ನ ಮೇಲೆ ಕನಿಕರಪಡುವ ಶ್ರಮ ನಿಮಗೆ ಬೇಡ.

ಎಪ್ಪತ್ತರ ಆಚೀಚೆಯ ಮಾತು. ಹಲಸೂರಿನ ವಠಾರದ ನಮ್ಮ ಹೆಂಚಿನ ಮನೆಗೆ ಭಾನುವಾರಗಳಂದು ಗಂಡಿನ ಕಡೆಯವರು ಬರುತ್ತಿದ್ದರು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಬಂದವರೂ ಹೆಚ್ಚಾಗಿ ಕಾರ್ಖಾನೆ, ವಿಮೆ ಕಚೇರಿಯವರೇ. ಕೇಸರಿಬಾತಿನ ತಟ್ಟೆ ಬರಿದು ಮಾಡಿ, ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ನೈಸ್" ಎಂದು ಎದ್ದರೆ ಮುಗಿಯಿತು, ಆಮೇಲೆ ಕಾಗದವೂ ಇಲ್ಲ, ಕತೆಯೂ ಇಲ್ಲ. ಅಮ್ಮನಿಗೆ ನೈಸ್ ಎಂದರೆ ಒರಳಿನಲ್ಲಿ ನುಣ್ಣಗಾದ ದೋಸೆಹಿಟ್ಟು. ನನಗೆ ಅಪ್ಪನನ್ನು ಪುಸಲಾಯಿಸುವ ವಿದ್ಯೆ. ಅಕ್ಕನಿಗೆ ಮಾತ್ರ ಅದು, ಬೇಡ ಎನ್ನಲು ಮರ್ಯಾದಸ್ಥರು ಬಳಸುವ ಮಾತು. ಪ್ರತಿಯೊಬ್ಬ ಗಂಡನ್ನೂ ನಾನು ಅಣಕಿಸಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವಳೇ.

ಪಕ್ಕದ ಮನೆಯ ಡೊರೋತಿ ಮಿಸ್ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಒಂದು ಸಂಜೆ ದಪ್ಪ ನಿಘಂಟು ಬಿಡಿಸಿ ನೈಸ್ ಪದದ ಜಾತಕ ಓದಿದರು. ಲ್ಯಾಟಿನ್ನಿನಲ್ಲಿ ಅದು ಏನೂ ಅರಿಯದವನು, ಫ್ರೆಂಚಿನಲ್ಲಿ ಪೆದ್ದ, ಇಂಗ್ಲಿಷಿಗೆ ಬಂದು ನೂರಾರು ವರ್ಷ ಅಲೆದು ನಾಜೂಕು, ಚೊಕ್ಕ, ಕೊನೆಗೆ ಚೆನ್ನ. "ಪೆದ್ದ ಹೋಗಿ ಜಂಟಲ್‌ಮನ್ ಆದ, ನೋಡು ಮ್ಯಾನ್!" ಎಂದು ನಕ್ಕರು. ನನಗೆ ಅಷ್ಟು ಸಾಕಾಗಿತ್ತು.

ಮುಂದಿನ ಭಾನುವಾರ ಕೆ.ಆರ್. ಪುರದಿಂದ ಒಬ್ಬ ಗುಮಾಸ್ತರು ಹೆಣ್ಣು ನೋಡಲು ತಾಯಿಯೊಂದಿಗೆ ಬಂದರು. ಕನ್ನಡಕ, ಮೂಗಿನ ದನಿ, ಮಾತಿಗೊಮ್ಮೆ ಕೆಮ್ಮು. ಅವರೂ "ನೈಸ್" ಅಂದರು. ಅಕ್ಕ ಖಾಲಿ ತಟ್ಟೆ ಹಿಡಿದು ಅಡುಗೆಮನೆಗೆ ಬಂದದ್ದೇ ತಡ, ಇಲ್ಲದ ಕನ್ನಡಕ ಸರಿಮಾಡಿಕೊಂಡು, ಎರಡು ಸಲ ಕೆಮ್ಮಿ, "ನೈಸ್... ಅಂದ್ರೆ ನಾನು ಪೆದ್ದ ಅಂತ ಕಣ್ರೀ" ಎಂದು ಮೂಗಿನಲ್ಲೇ ನುಡಿದೆ. ಅಕ್ಕ ತಡೆಯಲಾರದೆ ನಕ್ಕಳು. ಆ ನಗು ನಡುಮನೆಯವರೆಗೂ ಹೋಯಿತು. ಅಲ್ಲಿ ಲೋಟ ಕೆಳಗಿಟ್ಟ ಸದ್ದಾಯಿತು. ಇಣುಕಿದರೆ, ಆ ತಾಯಿ ಅಕ್ಕನಿಗೆ ಮುಡಿಸಲೆಂದು ಆಗಲೇ ಅರ್ಧ ಬಿಚ್ಚಿದ್ದ ಮಲ್ಲಿಗೆಯ ಪೊಟ್ಟಣವನ್ನು ಮತ್ತೆ ಮಡಿಸುತ್ತಿದ್ದರು.

ಹುಡುಗಿ ದೊಡ್ಡವರನ್ನು ನೋಡಿ ನಗುತ್ತಾಳಂತೆ ಎಂಬ ಸುದ್ದಿ ಕಾರ್ಖಾನೆ ಕಾಲೊನಿಗಳಲ್ಲೆಲ್ಲ ಹರಡಿತು. ಆಮೇಲೆ ನೈಸ್ ಅನ್ನುವುದಕ್ಕೂ ಯಾರೂ ಬರಲಿಲ್ಲ. ಅಪ್ಪ, ಅಮ್ಮ ಅದೇ ಕೊರಗಿನಲ್ಲಿ ಹೋದರು. ಮಿಸ್ ಆಸ್ಟ್ರೇಲಿಯಾಕ್ಕೆ ಹೋದರು. ವಠಾರವಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತು. ಒಂಟಿಯಾಗಿಯೇ ಉಳಿದ ಅಕ್ಕನೂ ಈಗಿಲ್ಲ. ಅವಳ ಕ್ಷಮೆ ಕೇಳಲು ನನಗೆ ಒಂದೇ ದಾರಿ ಗೊತ್ತಿತ್ತು. ಆ ತಾಯಿ, ಮಗ ಬಂದುಹೋಗಿ ಆಗ ತಿಂಗಳಾಗಿರಬೇಕು, ನನ್ನೊಡನೆ ಮಾತು ಬಿಟ್ಟಿದ್ದ ಅವಳನ್ನು ನಗಿಸಲು ಮತ್ತೆ ಅದೇ ಗುಮಾಸ್ತನಾದೆ; ಕೆಮ್ಮು, ಮೂಗು, ಒಂದೂ ಬಿಡಲಿಲ್ಲ. ಅಕ್ಕಿ ಆರಿಸುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು:

"ತಟ್ಟೆ ಕೊಡುವಾಗ 'ನೀವು ತಿಂದ್ರಾ?' ಅಂತ ಕೇಳಿದ್ರು ಕಣೋ. ಬಂದೋರಲ್ಲೆಲ್ಲ ಅವ್ರೊಬ್ರೇ. ಎಲ್ಲಿ, ಅದನ್ನ ಮಾಡಿ ತೋರ್ಸು."