ಮೊದಲನೇ ಮಾತು ಗೇರು

ನಮ್ಮ ಕಡೆ ಯಾರಾದರೂ "ಆರಾಮ ಅದೀರೇನು?" ಎಂದರೆ "ಆರಾಮ ಅದೀನ್ರಿ" ಅನ್ನಬೇಕು. ಮನೆಯಲ್ಲಿ ಹೆಣ ಇದ್ದರೂ ಮೊದಲು ಅದೇ ಮಾತು. ಕೂತು, ನೀರು ಕುಡಿದು, ಚಹಾ ಬಂದ ಮೇಲೆ "ಅದೇನಂದ್ರ..." ಎಂದು ನಿಜವಾದ ಸಂಕಟ ಹೊರಗೆ ಬರುತ್ತದೆ. ಬಾಗಿಲಲ್ಲೇ ಗೋಳು ಶುರು ಮಾಡುವವರಿಗೆ ಕೊಟ್ಟೂರಿನ ನಮ್ಮ ಓಣಿಯಲ್ಲಿ ಬೆಲೆ ಇರಲಿಲ್ಲ. ಈ ಮರ್ಯಾದೆಯಲ್ಲಿ ನನ್ನಪ್ಪ ಎಲ್ಲರಿಗಿಂತ ಒಂದು ಕೈ ಮೇಲು. ಆ ಮರ್ಯಾದೆಗಿಷ್ಟು ಬೆಂಕಿ ಬೀಳಲಿ!

ಅಪ್ಪ ಅರ್ಧ ಆಯುಷ್ಯ ಬೇರೆಯವರ ಲಾರಿ ಓಡಿಸಿದವನು. ತನ್ನದೇ ಒಂದು ಗಾಡಿ ಇರಬೇಕು, ಯಾರ ಕೈಕೆಳಗೂ ದುಡಿಯಬಾರದು ಎಂಬುದೊಂದೇ ಅವನ ಆಸೆ. ತೊಂಬತ್ತರ ದಶಕದ ಕೊನೆಗೆ ಆ ಆಸೆ ಕೈಗೂಡಿತು. ಬಾಡಿಗೆಗೆ ಓಡಿಸಲು ಹೊಚ್ಚ ಹೊಸ ಕಾರು ತಂದ. ಅವ್ವ ಚಕ್ರದಡಿ ನಿಂಬೆಹಣ್ಣು ಇಟ್ಟಳು. ಓಣಿಯ ಮಂದಿಯೆಲ್ಲ ಒಮ್ಮೆ ಹತ್ತಿ ಕೂತು ಇಳಿದರು.

ಮೊದಲ ಬಾಡಿಗೆ ಉಚ್ಚಂಗಿದುರ್ಗಕ್ಕೆ. ನಾನೂ ಹಿಂದಿನ ಸೀಟಿನಲ್ಲಿದ್ದೆ. ಏರಿನ ನಡುವೆ ಎರಡನೇ ಗೇರು ತಾನಾಗಿಯೇ ಕಳಚಿಕೊಂಡಿತು. ಎಂಜಿನ್ ಗುರ್ ಎಂದು ಒದರುತ್ತಿದೆ, ಗಾಡಿ ಮಾತ್ರ ಹಿಂದಕ್ಕೆ ಬರುತ್ತಿದೆ! "ಎವ್ವಾ ತಾಯಿ, ಉಳಿಸವ್ವಾ!" ಎಂದು ಪಕ್ಕದ ಮುದುಕಿ ನನ್ನ ತೋಳು ಹಿಡಿದುಕೊಂಡಳು. ಅಪ್ಪ ಬ್ರೇಕು ಒತ್ತಿ ಹಿಡಿದ. ಗಂಡಸರು ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟರು. ಅಂದು ಎಲ್ಲರೂ ನಕ್ಕರು. ಮುಂದೆ ಹಡಗಲಿ ದಾರಿಯಲ್ಲೂ ಹಾಗೇ ಆಯಿತು, ಕಾನಹೊಸಹಳ್ಳಿಗೆ ಹೋದಾಗಲೂ ಹಾಗೇ.

"ಲೇ, ನಿನ್ನ ಗಾಡಿ ಹತ್ತಿದ್ರ ಮುಂದಿನ ಊರು ಬರಂಗಿಲ್ಲ, ಹಿಂದಿನ ಊರ ಬರತೈತಲ್ಲೋ!" ಎಂದು ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಗೆಳೆಯರು ಚಾಷ್ಟಿ ಮಾಡತೊಡಗಿದರು. ಅಪ್ಪನೂ ನಗುತ್ತಿದ್ದ. ಆದರೆ ಮಕ್ಕಳುಮರಿ ಇದ್ದವರು ಆ ಗಾಡಿ ಹತ್ತುವುದನ್ನು ಬಿಟ್ಟರು, ಅದು ನಗುವ ಮಾತಾಗಿರಲಿಲ್ಲ.

ಗಾಡಿ ಕೊಟ್ಟ ಶೋರೂಮಿಗೆ ಅಪ್ಪ ಹೋಗಿಬರುತ್ತಲೇ ಇದ್ದ. ವಾರಂಟಿ ಇತ್ತು, ರಿಪೇರಿ ಪುಕ್ಕಟೆ. ಪುಕ್ಕಟೆ ಮಾಡಿಕೊಡುವವರ ಹತ್ತಿರ ಬರಿಗೈಲಿ ಹೋಗುವುದು ಹೇಗೆಂದು, ಅಲ್ಲಿನ ದೇವರ ಫೋಟೋಕ್ಕೆ ಹಡಗಲಿ ಮಲ್ಲಿಗೆ ಮಾಲೆ ಬೇರೆ ಒಯ್ಯುತ್ತಿದ್ದ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಸೂಪರ್‌ವೈಸರ್ ಪೆನ್ನು ಹಿಡಿದು, "ಬರ್ರಿ ಯಜಮಾನ್ರ, ಹೆಂಗೈತಿ ಗಾಡಿ?" ಎಂದ.

"ಆರಾಮೈತ್ರಿ," ಎಂದ ಅಪ್ಪ. ಆತ ಬರೆದ. ಚಹಾ ಬಂತು. ಆಮೇಲೆ ಅಪ್ಪ ದನಿ ತಗ್ಗಿಸಿ, "ಅದೇನಂದ್ರ, ಆ ಎರಡನೇ ಗೇರು ಒಂಚೂರು..." ಎಂದ.

"ನೋಡ್ತೀವಿ ಬಿಡ್ರಿ, ನಮ್ಮ ಹುಡುಗರಿಗೆ ಹೇಳ್ತೀನಿ," ಎಂದು ಆತ ಕಾಗದ ಮುಂದಿಟ್ಟ. ಅಪ್ಪ ಓದದೆ ಸಹಿ ಹಾಕಿದ. "ಅಪ್ಪಾ, ಏನು ಬರದಾರ ನೋಡು," ಎಂದರೆ ನನ್ನನ್ನೇ ಗದರಿದ: "ಸುಮ್ನಿರವ್ವ. ಅವರೆದುರಿಗೇ ಓದಿದ್ರ ಅವರನ್ನ ನಂಬಂಗಿಲ್ಲ ಅಂದಂಗ ಆಗತೈತಿ."

ಏನೋ ಬಿಚ್ಚಿ ಏನೋ ಜೋಡಿಸುತ್ತಿದ್ದರು. ಎಂಟು ದಿನ ಸುಮ್ಮನಿದ್ದು, ಏರು ಕಂಡ ಕೂಡಲೇ ಗೇರು ಮತ್ತೆ ಬೀಳುತ್ತಿತ್ತು.

ಕೊನೆಗೆ ಕೂಡ್ಲಿಗಿಯ ವಕೀಲರೊಬ್ಬರನ್ನು ಕಂಡೆವು. ಒಳ್ಳೆಯ ಮನುಷ್ಯ. "ಹುಟ್ಟುತ್ತಲೇ ದೋಷ ಇರೋ ಗಾಡಿ, ಎಷ್ಟು ರಿಪೇರಿ ಮಾಡಿದ್ರೂ ಸರಿ ಹೋಗಲಿಲ್ಲ ಅಂದ್ರ, ಬೇರೆ ಗಾಡಿ ಕೊಡ್ರಿ ಇಲ್ಲಾ ರೊಕ್ಕ ವಾಪಸ್ ಕೊಡ್ರಿ ಅಂತ ಗ್ರಾಹಕರ ನ್ಯಾಯಾಲಯದಾಗ ಕೇಳಬಹುದ್ರಿ," ಎಂದರು. ಅಪ್ಪನ ಮುಖ ಅರಳಿತು. ವಕೀಲರು ಅವನ ಚೀಲದ ಕಾಗದಗಳನ್ನು ಒಂದೊಂದಾಗಿ ತಿರುವಿ, ಕನ್ನಡಕ ತೆಗೆದರು. "ಯಜಮಾನ್ರ, ಇದರಾಗೆಲ್ಲೂ ಗೇರಿನ ಸುದ್ದೀನೇ ಇಲ್ಲಲ್ರಿ. ಪ್ರತಿ ಸಲಾನೂ 'ಸರ್ವಿಸ್, ಗಾಡಿ ಚೆನ್ನಾಗಿದೆ' ಅಂತ ಐತಿ. ಕೆಳಗ ನಿಮ್ಮ ಸಹಿ."

"ನಾ ಹೇಳೀನ್ರಿ ಅವರಿಗೆ."

"ಹೇಳಿದ್ದು ಗಾಳಿಗೆ ಹೋತ್ರಿ. ಬರೆಸಬೇಕಿತ್ತು, ಬರೆಸಿ ಒಂದು ಪ್ರತಿ ಇಟ್ಕೋಬೇಕಿತ್ತು."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಆದರೂ ವಕೀಲರು ಅರ್ಜಿ ಹಾಕಿದರು. ಕಾಗದ ಇಲ್ಲದಿದ್ದರೂ ಅಪ್ಪನ ಬಾಯಿ ಇದೆ, ಅವನು ನೆಟ್ಟಗೆ ಹೇಳಿದರೆ ಕೇಳುವವರು ಕೇಳಿಯಾರು ಎಂಬ ಆಸೆ.

ವಿಚಾರಣೆಯ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅವನಿಗೆ ಪಾಠ ಹೇಳಿಕೊಟ್ಟೆ. "ಅಪ್ಪಾ, ಏನ ಕೇಳ್ಲಿ, ಮೊದಲನೇ ಮಾತು ಗೇರು. ಏನು?"

"ಗೇರು."

"ಹೆಂಗದೀರಿ ಅಂದ್ರ?"

"ಎರಡನೇ ಗೇರು ಬೀಳತೈತ್ರಿ." ಮುಂದಿನ ಸೀಟಿನವನು ತಿರುಗಿ ನೋಡಿ ನಕ್ಕ. ನಕ್ಕರೆ ನಗಲಿ ಎಂದು ನಾನು ಮತ್ತೆ ಮತ್ತೆ ಹೇಳಿಸಿದೆ.

ಗ್ರಾಹಕರ ನ್ಯಾಯಾಲಯದಲ್ಲಿ ಕೂತಿದ್ದ ಅಧ್ಯಕ್ಷರು ವಯಸ್ಸಾದವರು, ಮುಖದಲ್ಲಿ ಸಿಟ್ಟಿರಲಿಲ್ಲ. ಅವರು ಗದರಿದ್ದರೆ ಅಪ್ಪ ಬಾಯಿಪಾಠ ಒಪ್ಪಿಸಿಬಿಡುತ್ತಿದ್ದನೋ ಏನೋ. ಅವರು ಬೀಗರ ಹಾಗೆ ಮೆತ್ತಗೆ, "ಬನ್ನಿ ಯಜಮಾನ್ರೆ. ಈಗ ಹೇಗಿದೆ ನಿಮ್ಮ ಗಾಡಿ?" ಎಂದರು.

ಅಪ್ಪ ಎರಡೂ ಕೈ ಜೋಡಿಸಿದ. "ಆರಾಮೈತ್ರಿ," ಎಂದ.

ಶೋರೂಮಿನವರ ವಕೀಲ ಎದ್ದು ನಿಂತು, "ಸ್ವಾಮಿ, ಅವರ ಬಾಯಿಂದಲೇ ಬಂತು," ಎಂದ. ಯಾರೋ ಕಿಸಕ್ಕೆಂದರು. ಅಪ್ಪ "ಹಂಗಲ್ರಿ, ಅದೇನಂದ್ರ... ಗೇರು..." ಎನ್ನುತ್ತಲೇ ಇದ್ದ. ಅಧ್ಯಕ್ಷರು ಪಾಪ ಪೂರ್ತಿ ಕೇಳಿಸಿಕೊಂಡರು. "ಇದನ್ನ ಎಲ್ಲಾದರೂ ಬರೆಸಿದ್ದೀರಾ?" ಎಂದು ಕೇಳಿದರು. "ಇಲ್ರಿ," ಎಂದ ಅಪ್ಪ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಲವು ವಾರಗಳ ಮೇಲೆ ಅರ್ಜಿ ವಜಾ ಆಯಿತೆಂದು ವಕೀಲರು ಹೇಳಿ ಕಳಿಸಿದರು.

ಗಾಡಿ ಬೇವಿನ ಮರದಡಿ ನಿಂತೇ ಹೋಯಿತು. ಆಮೇಲೆ ಹರಪನಹಳ್ಳಿಯ ಗುಜರಿಯವನು ಬಂದು ಎಳೆದುಕೊಂಡು ಹೋದ. ಅಪ್ಪ ಮತ್ತೆ ಬೇರೆಯವರ ಲಾರಿ ಹತ್ತಿದ. ಅವ್ವ ಅವನೆದುರು ಆ ಸುದ್ದಿ ಎತ್ತುತ್ತಿರಲಿಲ್ಲ.

ಅದೇ ಹೊತ್ತಿಗೆ ಅವನ ಬಾಯಿಗೆ ಹೊಸ ಮಾತು ಬಂತು. ಸಂತೆಯಲ್ಲಿ ಯಾರೋ "ಆರಾಮೇನಪ್ಪ?" ಎಂದರೆ, "ಎರಡನೇ ಗೇರು ಬೀಳತೈತ್ರಿ," ಎನ್ನುತ್ತಿದ್ದ. ಮೊದಮೊದಲು ಜನ ಚಾಷ್ಟಿ ಎಂದು ನಕ್ಕರು. ಸತ್ತವರ ಮನೆಗೆ ಹೋದಾಗಲೂ ಅದನ್ನೇ ಹೇಳಿದ ಮೇಲೆ ಕೇಳುವುದನ್ನೇ ಬಿಟ್ಟರು. "ಅವನನ್ನ ಮಾತಾಡಿಸಬ್ಯಾಡ್ರಿ, ಪಾಪ," ಎನ್ನುವುದು ನಮ್ಮ ಕಿವಿಗೂ ಬೀಳುತ್ತಿತ್ತು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬರುತ್ತಿದ್ದವು.

ನನ್ನ ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಸೊರಗಿದ್ದ. ಚೀಲ ಕೆಳಗಿಟ್ಟು, ರೂಢಿಯಂತೆ, "ಅಪ್ಪಾ, ಆರಾಮ ಅದೀಯೇನು?" ಎಂದೆ.

ಅವನು ನೆಟ್ಟಗೆ ಕೂತು, ಪಾಠ ಒಪ್ಪಿಸುವವನಂತೆ ನನ್ನನ್ನೇ ನೋಡುತ್ತ, "ಎರಡನೇ ಗೇರು ಬೀಳತೈತವ್ವ," ಎಂದ. "ಈಗ ಸರಿ ಹೇಳಿದ್ನೋ ಇಲ್ಲೋ?"