ಹಿಪ್ಪುನೇರಳೆ ಗಿಟಾರು

ನನ್ನ ತಮ್ಮ ಮುನೇಶ ಗಿಟಾರು ಮಾಡುತ್ತಿದ್ದ. ನುಡಿಸುತ್ತಿದ್ದ ಅಲ್ಲ, ಮಾಡುತ್ತಿದ್ದ. ಇದನ್ನು ಎಷ್ಟು ಜನಕ್ಕೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿದೆಯೋ! ಚಿಂತಾಮಣಿಯಲ್ಲಿ ನಾನು ವಿಜ್ಞಾನ ಪಾಠ ಮಾಡುವ ಶಾಲೆಯಲ್ಲಂತೂ ಪ್ರತಿಯೊಬ್ಬರೂ "ಓಹೋ, ಆರ್ಕೆಸ್ಟ್ರಾದಲ್ಲಿದ್ದಾರಾ?" ಎಂದೇ ಕೇಳುವುದು. ಅಲ್ಲರೀ! ಮರ ಕೊಯ್ದು, ಉಜ್ಜಿ, ತಂತಿ ಬಿಗಿದು, ಕರೆಂಟಿಗೆ ಸಿಕ್ಕಿಸಿದರೆ ಬೀದಿಗೆಲ್ಲ ಕೇಳುವಂಥ ಎಲೆಕ್ಟ್ರಿಕ್ ಗಿಟಾರನ್ನು ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಲ್ಲಿ, ಅಮ್ಮನ ರೇಷ್ಮೆ ಹುಳದ ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಕೂತು ಒಬ್ಬನೇ ಮಾಡುತ್ತಿದ್ದ. ಈಗ ಮಾಡುವುದಿಲ್ಲ.

ಮೊದಲು ಅವನು ರೇಷ್ಮೆ ನೂಲು ತೆಗೆಯುವ ಚರಕಗಳ ರಿಪೇರಿ ಮಾಡುತ್ತಿದ್ದ. ಚಿಂತಾಮಣಿಯಲ್ಲಿ ಬಾಗಿಲು, ಮಂಚ ಮಾಡುವ ಶೆಡ್ ಇಟ್ಟಿದ್ದ ಗೆಳೆಯ ಮಧುಸೂದನ್ ಒಂದು ದಿನ ಮುರಿದ ಗಿಟಾರು ತಂದುಕೊಟ್ಟ. ಅದನ್ನು ಬಿಚ್ಚಿ ನೋಡಿದವನಿಗೆ ಅದೇ ಹುಚ್ಚು ಹಿಡಿಯಿತು. ಹೊಲದ ಬದುವಿನಲ್ಲಿ ಒಣಗಿ ನಿಂತಿದ್ದ ಹಳೆಯ ಹಿಪ್ಪುನೇರಳೆ ಮರ ಕಡಿದು, ಅದರಿಂದಲೇ ಗಿಟಾರಿನ ಮೈ ಮಾಡಿದ. ತಂತಿಯ ಅದುರುವಿಕೆಯನ್ನು ಹಿಡಿಯುವುದಕ್ಕೆ ಪಿಕಪ್ ಅಂತ ಒಂದು ಇರುತ್ತದೆ. ಅದಕ್ಕೆ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು. ಮಹಾರಾಯ ಅದನ್ನೂ ಹಳೇ ಚರಕದಲ್ಲೇ ಸುತ್ತಿದ. ಗೌರಿಬಿದನೂರಿನ ಮೌನಿಕಾ ಎಂಬ ಗಿಡ್ಡ ಬೆರಳಿನ ಹುಡುಗಿಗೆ ಅವಳ ಅಂಗೈಗೆ ತಕ್ಕಂತೆ ಗಿಟಾರಿನ ಕತ್ತನ್ನು ತೆಳುವಾಗಿ ಕೆತ್ತಿಕೊಟ್ಟ. ಅವಳು ಅದನ್ನು ಹಿಡಿದವಳೇ ನಮ್ಮ ಜಗಲಿಯ ಮೇಲೆ ಕೂತು ಕತ್ತಲಾಗುವವರೆಗೂ ನುಡಿಸಿದಳು. ಅಂದು ನನ್ನ ತಮ್ಮನ ಮುಖ ನೋಡಬೇಕಿತ್ತು ನೀವು.

ಆದರೆ ಅವನ ಕಸುಬಿಗೆ ಒಂದು ಕಟ್ಟುಪಾಡಿತ್ತು. ರೇಷ್ಮೆ ಹುಳಕ್ಕೆ ಬೀಡಿ ಹೊಗೆ ಆಗದು, ಊದುಬತ್ತಿ ಆಗದು; ಬಣ್ಣ, ಔಷಧಿ ಎಂದರೆ ಅಲ್ಲೇ ಸಾವು. ಹಾಗಾಗಿ ಮನೆಯಲ್ಲಿ ಹುಳ ಇರುವವರೆಗೂ ಅವನು ಗಿಟಾರಿಗೆ ಬಣ್ಣ ಹೊಡೆಯುತ್ತಿರಲಿಲ್ಲ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಬೆಂಗಳೂರಿನಿಂದ ಗಿರಾಕಿಗಳು ಫೋನ್ ಮಾಡಿ ರೇಗಿದರೆ ಇವನು ನಿಧಾನವಾಗಿ, "ಹುಳ ಮೂರನೇ ಜ್ವರದಲ್ಲಿವೆ ಸಾರ್. ಗೂಡು ಕಟ್ಕೊಳ್ಳಿ, ಆಮೇಲೆ ಬಣ್ಣ ಹೊಡೀತೀನಿ" ಅನ್ನುತ್ತಿದ್ದ. ಪಾಪ, ಆ ಕಡೆಯವರು ತಲೆ ಕೆರೆದುಕೊಳ್ಳುತ್ತಿದ್ದರು.

ಇನ್ನು ನಮ್ಮಮ್ಮ ಗಂಗುಲಮ್ಮ. ಅಪ್ಪ ಚೆನ್ನರಾಯಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮಿಬ್ಬರನ್ನು ಸಾಕಿದ್ದು ಹುಳ ಸಾಕಿಯೇ. ಅವಳ ಕೈಗುಣ ಸುತ್ತಲ ಹಳ್ಳಿಗಳಿಗೆ ಗೊತ್ತು. ಮರಿ ಹುಳಕ್ಕೆ ಮೊದಲ ಸೊಪ್ಪು ಗಂಗುಲಮ್ಮ ಹಾಕಿದರೆ ಬೆಳೆ ಕೆಡುವುದಿಲ್ಲ ಎಂದು ನಂಬಿಕೆ. ನಮ್ಮನ್ನು ಹೊಸಿಲಾಚೆಯೇ ನಿಲ್ಲಿಸಿ ಮಾತಾಡಿಸುವ ಮನೆಗಳವರೂ ಅವಳನ್ನು ಹುಳದ ಮನೆಯೊಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಕೈ ಬೇಕು, ಕಾಫಿ ಕೊಡೋಕೆ ಮಾತ್ರ ಲೋಟ ಬೇರೆ! ಯಾಕಮ್ಮಾ ಹೋಗ್ತೀಯ?" ಎಂದು ಜಗಳಕ್ಕೆ ನಿಲ್ಲುತ್ತಿದ್ದೆ.

"ಹುಳಕ್ಕೇನು ಜಾತಿ ಗೊತ್ತೇನಮ್ಮ? ನಾನು ಹೋಗೋದು ಹುಳಕ್ಕೆ" ಅನ್ನುತ್ತಿದ್ದಳು. ಆದರೆ ಕರೆ ಬಂದ ದಿನ ಒಳ್ಳೆಯ ಸೀರೆ ಉಟ್ಟು, ಊರಿನ ನಡುಬೀದಿಯಲ್ಲೇ ತಲೆಯೆತ್ತಿ ನಡೆದು ಹೋಗುತ್ತಿದ್ದಳು. ಆ ನಡಿಗೆ ನೋಡಿದ ಮೇಲೆ ನನಗೆ ಜಗಳವಾಡುವ ಮನಸ್ಸು ಬರುತ್ತಿರಲಿಲ್ಲ.

ಹೋದ ವರ್ಷ ಬೆಂಗಳೂರಿನಲ್ಲಿ ಕೈಯಿಂದ ಗಿಟಾರು ಮಾಡುವವರ ಒಂದು ಪ್ರದರ್ಶನ ಏರ್ಪಾಟಾಯಿತು. ಮುನೇಶನಿಗೂ ಅವನ ಹೆಸರಿನದೇ ಒಂದು ಮೇಜು. ಅವನ ಹೆಂಡತಿ ಪದ್ಮಶ್ರೀ ಚೊಚ್ಚಲು ಹೆರಿಗೆಗೆ ಮುರುಗಮಲ್ಲದ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳ, ಇನ್ನೇನು ಗೂಡು ಕಟ್ಟುವ ಹೊತ್ತು. ಪ್ರದರ್ಶನಕ್ಕೆ ಒಯ್ಯಬೇಕಿದ್ದ ಗಿಟಾರಿನ ಬೆನ್ನಲ್ಲಿ ಸೂಜಿಮೊನೆಯಷ್ಟು ತೂತುಗಳು ಕಂಡವು, ಕೆಳಗೆ ಮರದ ಹುಡಿ ಉದುರಿತ್ತು, ಮರಕ್ಕೆ ಹುಳುಕು ಹತ್ತಿತ್ತು. ಔಷಧಿ ಹಚ್ಚದೆ ಬಿಟ್ಟರೆ ಮರ ಟೊಳ್ಳು. ಮನೆಯಲ್ಲಿ ಹಚ್ಚುವಂತಿಲ್ಲ. ಅವನು ಕಟ್ಟುಪಾಡು ಮುರಿಯಲಿಲ್ಲ, ಪಾಪ. ಗಿಟಾರನ್ನು ಹಿತ್ತಲಲ್ಲಿದ್ದ ಗೋಣಿತಾಟಿನಲ್ಲಿ ಸುತ್ತಿಕೊಂಡು ಬೈಕಿನಲ್ಲಿ ಚಿಂತಾಮಣಿಯ ಮಧುಸೂದನನ ಶೆಡ್ಡಿಗೆ ಹೋದ. ಅಲ್ಲೇ ಔಷಧಿ ಬಳಿದ, ಆರುವವರೆಗೂ ಕಾದ, ಅದೇ ಗೋಣಿಯಲ್ಲಿ ಸುತ್ತಿ ತಂದ. ಔಷಧಿ ಅಂಟಿದ ಗೋಣಿಯನ್ನು ಆಮೇಲೆ ಒಗೆದರಾಯಿತೆಂದು ಕಾಂಪೌಂಡಿನ ಮೇಲೆ ಎಸೆದು, ಗಿಟಾರು ಇಡುವ ಪೆಟ್ಟಿಗೆ ಕೊಳ್ಳಲು ಶಿಡ್ಲಘಟ್ಟಕ್ಕೆ ಹೊರಟುಹೋದ.

ಕೊಯ್ದು ತಂದ ಸೊಪ್ಪು ಬಾಡದಿರಲೆಂದು ನಮ್ಮವರು ಅದರ ಮೇಲೆ ಒದ್ದೆ ಗೋಣಿ ಹೊದಿಸುತ್ತಾರೆ. ಅಮ್ಮ ಕೈಗೆ ಸಿಕ್ಕ ಗೋಣಿ ನೆನೆಸಿ ಹೊದಿಸಿದಳು. ಆ ಸೊಪ್ಪನ್ನೇ ಹುಳಕ್ಕೆ ಹಾಕಿದಳು.

ಮುನೇಶ ಮರಳಿ ಬಂದಾಗ ಹುಳಗಳು ತಲೆ ಎತ್ತಿ ಎತ್ತಿ ಒದ್ದಾಡುತ್ತಿದ್ದವು, ಬಾಯಿಂದ ಹಸಿರು ನೀರು. ಒಂದು ತಟ್ಟೆಯಲ್ಲ, ಎಲ್ಲ ತಟ್ಟೆಗಳಲ್ಲೂ. ಅಮ್ಮ ನಡುವೆ ಕೂತು ಹಣೆ ಬಡಿದುಕೊಳ್ಳುತ್ತಿದ್ದಳು. "ಅಂಚಿನ ಸಾಲಿನ ಸೊಪ್ಪು ಕೊಯ್ದೆ ಕಣಪ್ಪಾ. ಪಕ್ಕದ ಟೊಮೆಟೊಗೆ ಔಷಧಿ ಹೊಡೆದಿದ್ರೋ ಏನೋ, ಮೂಸಿ ಕೂಡ ನೋಡ್ಲಿಲ್ಲ. ನನ್ನ ಕೈಯಾರೆ ಕೊಂದ್ಬಿಟ್ಟೆ."

ಮುನೇಶ ಸೊಪ್ಪಿನ ಗುಡ್ಡೆಯ ಮೇಲಿದ್ದ ಗೋಣಿ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಆಗಲೇ ಬಾಯಿ ಬಿಡಬೇಕಿತ್ತು ಕತ್ತೆ! ಬಿಡಲಿಲ್ಲ. ಹೇಳಿದರೆ ಬೆಂಗಳೂರಿಗೆ ಹೋಗಲು ತನಗೇ ಧೈರ್ಯ ಉಳಿಯುವುದಿಲ್ಲ, ಹೋಗಿ ಬಂದು ಹೇಳಿದರಾಯಿತು ಎಂದುಕೊಂಡ. ಗೋಣಿಯನ್ನು ಎಳೆದುಕೊಂಡು ಹೋಗಿ ನೀರೊಲೆಗೆ ತುರುಕಿ ಸುಟ್ಟ.

ಊರಿಗೆಲ್ಲ ಅಮ್ಮ ತಾನೇ ಹೇಳಿಕೊಂಡಳು, ತನ್ನ ಕೈಗುಣ ಹೋಯಿತೆಂದು. ಊರು ತಕ್ಷಣ ನಂಬಿತು. ಮುಂದಿನ ವಾರ ಮರಿ ಹುಳ ತಂದವರು ಮೊದಲ ಸೊಪ್ಪಿಗೆ ಬೇರೆಯವರನ್ನು ಕರೆದರು. ಅಷ್ಟು ವರ್ಷ ಬೇಕಾಗಿದ್ದ ಕೈ ಒಂದೇ ವಾರಕ್ಕೆ ಬೇಡವಾಯಿತು!

ಪ್ರದರ್ಶನದಲ್ಲಿ ಮುನೇಶನ ಮೇಜಿನ ಮುಂದೆ ಜನ ಸಾಲುಗಟ್ಟಿದ್ದರಂತೆ. ಹಿಪ್ಪುನೇರಳೆಯ ಹಳದಿ ಮೈ ಸವರಿ ನೋಡಿ, ಇಂಥ ಗಿಟಾರು ನಮಗೂ ಬೇಕು ಎಂದು ಎಷ್ಟೋ ಮಂದಿ ಕೇಳಿದರಂತೆ. ಇದನ್ನೆಲ್ಲ ಅವನು ಹೇಳಲಿಲ್ಲ, ಜೊತೆಗೆ ಹೋಗಿದ್ದ ಮಧುಸೂದನ್ ಹೇಳಿದ್ದು. ಮುನೇಶ ಬಂದವನೇ ಚಪ್ಪಲಿಯನ್ನೂ ಬಿಡದೆ ಅಮ್ಮನ ಮುಂದೆ ಕೂತು, ಗೋಣಿಯ ಕಥೆಯನ್ನೆಲ್ಲ ಹೇಳಿದ. ಅವತ್ತು ಭಾನುವಾರ, ನಾನೂ ಅಲ್ಲೇ ಇದ್ದೆ. ಕಪಾಳಕ್ಕೆ ಬಾರಿಸಬೇಕೆನ್ನಿಸಿತು ನನಗೆ.

ಅಮ್ಮ ಪೂರ್ತಿ ಕೇಳಿಸಿಕೊಂಡು, "ಆ ಗೋಣಿ ಎಲ್ಲಪ್ಪಾ?" ಎಂದಳು.

"ಸುಟ್ಬಿಟ್ಟೆ ಕಣಮ್ಮ."

"ಹೂಂ." ಅಮ್ಮ ನಕ್ಕಳು. "ನನ್ನ ಸಮಾಧಾನಕ್ಕೆ ಹೇಳ್ತಿದೀಯ. ನಿಜ ಆಗಿದ್ರೆ ಅವತ್ತೇ ಹೇಳ್ತಿದ್ದೆ ನೀನು. ನಾನು ಹಾಗೆ ಒದ್ದಾಡ್ತಿರೋವಾಗ ನೋಡ್ಕೊಂಡು ಸುಮ್ನಿರೋ ಮಗ ಅಲ್ಲ ನೀನು."

ಮಧುಸೂದನನೂ ಸಾಕ್ಷಿ ಹೇಳಿದ. ಗೆಳೆಯನಿಗೋಸ್ಕರ ಹೇಳುತ್ತಾನೆ ಎಂದಳು. ವಿಜ್ಞಾನದ ಮೇಷ್ಟ್ರಮ್ಮನಾದ ನಾನು ಕೈಗುಣ ಎಂಬುದೇ ಇಲ್ಲವೆಂದು ವಾದಿಸಿದೆ. "ಇತ್ತಲ್ಲಮ್ಮ, ಇಷ್ಟು ವರ್ಷ" ಎಂದಳು.

ಮುನೇಶ ಮನೆಮನೆಗೂ ಹೋಗಿ ತಪ್ಪು ತನ್ನದೆಂದು ಹೇಳಿದ. ಬಹಳ ಮಂದಿ ತಲೆಯಾಡಿಸಿ ಕಳಿಸಿದರು. ಆಂಜಿನಮ್ಮ ಎಂಬ ಒಬ್ಬ ಮುದುಕಿ ಮಾತ್ರ ನಂಬಿ, ಮರಿ ಹುಳ ಬಂದ ದಿನ ನಮ್ಮ ಮನೆಗೇ ಬಂದು, "ರಾ ಗಂಗುಲಮ್ಮಾ, ನೀನೇ ಸೊಪ್ಪು ಹಾಕ್ಬೇಕು" ಎಂದು ತೆಲುಗು ಬೆರೆಸಿ ಕರೆದಳು. ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು, "ಬೇಡಕ್ಕಾ, ನಿಮ್ಮ ಹುಳ ಚೆನ್ನಾಗಿರ್ಲಿ" ಎಂದು ಕಳಿಸಿಬಿಟ್ಟಳು. ಹುಳದ ತಟ್ಟೆಗಳನ್ನೆಲ್ಲ ಹೊರಗೆ ಹಾಕಿಸಿ, "ಇಲ್ಲೇ ಗಿಟಾರು ಮಾಡ್ಕೋ ಕಣಪ್ಪ, ಇನ್ನು ಯಾವಾಗ ಬೇಕಾದ್ರೂ ಬಣ್ಣ ಹೊಡೀಬಹುದು" ಎಂದು ಮುನೇಶನಿಗೆ ಹುಳದ ಮನೆಯನ್ನೇ ಬಿಟ್ಟುಕೊಟ್ಟಳು.

ಅವನು ಆ ಮನೆಯೊಳಗೆ ಉಳಿ ಹಿಡಿಯಲಿಲ್ಲ. ಗಿಟಾರು ಕೇಳಿದವರಿಗೆಲ್ಲ ಆಗುವುದಿಲ್ಲ ಎಂದ. ಈಗ ಚಿಕ್ಕಬಳ್ಳಾಪುರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುತ್ತಾನೆ. ತನ್ನಿಂದಾಗಿ ಮಗ ಕಸುಬು ಬಿಟ್ಟ ಎಂದು ಅಮ್ಮ ಅದನ್ನೂ ತನ್ನ ತಲೆಗೇ ಕಟ್ಟಿಕೊಂಡಿದ್ದಾಳೆ. ಏನು ಹೇಳಲಿ ಇವರಿಬ್ಬರಿಗೆ!

ಪದ್ಮಶ್ರೀ ಹೆಣ್ಣು ಮಗು ಎತ್ತಿಕೊಂಡು ಬಂದ ದಿನ ನಾನೇ ಆರತಿ ಎತ್ತಿದೆ. ಅವಳು ನೇರ ಅಮ್ಮನ ಹತ್ತಿರ ಹೋಗಿ, "ತಗೊಳ್ಳಿ ಅತ್ತೆ, ನಿಮ್ಮ ಮೊಮ್ಮಗಳು" ಎಂದು ಮಗುವನ್ನು ಚಾಚಿದಳು. ಅಮ್ಮನ ಕೈ ಮುಂದೆ ಬಂತು. ನಾನು ನೋಡಿದೆ, ಬಂತು. ಮತ್ತೆ ಬೆನ್ನ ಹಿಂದೆ ಹೋಯಿತು.

"ನನ್ನ ಕೈ ಬೇಡಮ್ಮ. ಮಗು ಚೆನ್ನಾಗಿರ್ಲಿ, ನೀನೇ ಎತ್ಕೋ."

ಮುನೇಶ "ಗೋಣಿ ನಂದಮ್ಮಾ, ನಂದು" ಎಂದು ದೊಡ್ಡ ದನಿಯಲ್ಲಿ ಅತ್ತ.

"ಸುಮ್ನಿರು ಕಣಪ್ಪ. ನನಗೋಸ್ಕರ ಇನ್ನೂ ಎಷ್ಟು ದಿನ ಸುಳ್ಳು ಹೇಳ್ತೀಯ?" ಎಂದಳು ಅಮ್ಮ.

ಮಗು ಈಗ ಅಂಬೆಗಾಲಿಡುತ್ತದೆ. ಅಜ್ಜಿ ಎಂದರೆ ಪ್ರಾಣ, ಎಲ್ಲರನ್ನೂ ಬಿಟ್ಟು ಅವಳ ಹತ್ತಿರಕ್ಕೇ ಹೋಗುತ್ತದೆ. ಅಮ್ಮ ಎದುರಿಗೆ ಕೂತು ಅದನ್ನು ಮಾತಾಡಿಸುತ್ತಾಳೆ, ನಗಿಸುತ್ತಾಳೆ, ಹಾಡು ಹೇಳುತ್ತಾಳೆ. ಅದು ಮುಗ್ಗರಿಸಿ ಬಿದ್ದು ಅತ್ತರೆ ಮಾತ್ರ ಕೂತಲ್ಲಿಂದಲೇ, "ಮುನೇಶಾ, ಬೇಗ ಬಾರೋ, ಮಗು ಬಿತ್ತು, ಎತ್ಕೋ" ಎಂದು ಕೂಗುತ್ತಾಳೆ.