ಅವ್ವ ಬೇಡವೆಂದ ತಪ್ಪೊಪ್ಪಿಗೆ

ಅವ್ವ ಒಂದೇ ಗಳಿಗೆಯಲ್ಲಿ ಕ್ಷಮಿಸಿಬಿಟ್ಟಳು ಎಂದು ನಾನು ಹಲವರಿಗೆ ಹೇಳಿದ್ದೇನೆ. ಮೊನ್ನೆ ಆಗಿನ ಡೈರಿ ತೆಗೆದು ನೋಡಿದರೆ ಹಾಗಿರಲಿಲ್ಲ. ಅವಳ ಸಿಟ್ಟಿನ ದಿನಗಳನ್ನು ನನ್ನ ನೆನಪು ಅಳಿಸಿಬಿಟ್ಟಿತ್ತು.

ಅವ್ವ ರಾಮದುರ್ಗದ ನಮ್ಮ ಮನೆಯಲ್ಲಿ ಕುಬಸ ಹೊಲಿಯುತ್ತಿದ್ದಳು. ಆ ಓಣಿಯಲ್ಲಿ ಕ್ರೈಸ್ತರೆಂದರೆ ನಾವಷ್ಟೇ; ಬಟ್ಟೆ ಕೊಡುವುದು ತರುವುದು ಎಲ್ಲ ಬಾಗಿಲಲ್ಲೇ, ಯಾರ ಅಡಿಗೆಮನೆಗೂ ಅವ್ವ ಕಾಲಿಟ್ಟವಳಲ್ಲ. ಎದುರು ಮನೆಯ ಕಾಳಿನ ವ್ಯಾಪಾರಿಯ ಹೆಂಡತಿ, ತಾನು ಕುಬಸಕ್ಕೆಂದು ಎರಡು ಖಣದ ಬಟ್ಟೆ ಕೊಟ್ಟಿದ್ದೆ, ಬಂದದ್ದು ಒಂದೇ ಕುಬಸ ಎಂದಳು. ನೀವು ಕೊಟ್ಟದ್ದೇ ಒಂದು ಎಂದು ಅವ್ವ ಹೇಳಿದಳು. ಮರುದಿನ ನಳದ ಮುಂದೆ, ನೀರಿಗೆ ನಿಂತ ಹೆಂಗಸರೆಲ್ಲರ ಎದುರು, ಅವಳು ಅವ್ವನನ್ನು ಕಳ್ಳಿ ಎಂದಳು. ಬಟ್ಟೆ ತರುವವರು ಬರುವುದನ್ನೇ ನಿಲ್ಲಿಸಿದರು.

ಎರಡು ತಿಂಗಳ ಮೇಲೆ ಸವದತ್ತಿಯಿಂದ ಎದುರು ಮನೆಯಾಕೆಯ ನಾದಿನಿ ಬಂದಳು, ಕಾಣೆಯಾಗಿದ್ದ ಆ ಎರಡನೆಯ ಖಣದ ಕುಬಸ ತೊಟ್ಟು. ಹಿಂದಿನ ಸಲ ಬಂದಿದ್ದ ನಾದಿನಿಗೆ ಉಡಿ ತುಂಬುವ ಅವಸರದಲ್ಲಿ, ಅಕ್ಕಿ ಕೊಬ್ಬರಿಯ ಜೊತೆಗೆ, ಹೊಲಿಯಲು ಎತ್ತಿಟ್ಟಿದ್ದ ಖಣವನ್ನೇ ಈಕೆ ಹಾಕಿ ಮರೆತಿದ್ದಳು.

ಓಣಿಯ ಹಿರಿಯರು ತೀರ್ಮಾನಿಸಿದರು: ಐತವಾರ ಆಕೆ ನಮ್ಮ ಕಟ್ಟೆಗೆ ಬಂದು, ಎಲ್ಲರ ಮುಂದೆ ಅವ್ವನ ಕೈಗೆ ತೆಂಗಿನಕಾಯಿ ಕೊಟ್ಟು ತಪ್ಪಾಯಿತು ಅನ್ನಬೇಕು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ಅದನ್ನು ನೋಡಲೆಂದೇ ಊರಿಗೆ ಬಂದೆ.

ಗುರುವಾರ ಅವ್ವ ಉಣ್ಣಲಿಲ್ಲ. ಶುಕ್ರವಾರ, "ಬರ್ಲಿ, ಕಾಯಿ ಹಿಡಕೊಂಡ ಬರ್ಲಿ" ಎಂದಳು. ಎರಡೂ ಡೈರಿಯಲ್ಲಿವೆ. ಶನಿವಾರ ಪ್ರಾರ್ಥನೆಯಿಂದ ಎದ್ದವಳೇ ಹಿರಿಯರ ಮನೆಗೆ ಹೋಗಿ, ಯಾರೂ ಕೂಡುವುದು ಬೇಡ ಎಂದು ಹೇಳಿ ಬಂದಳು.

"ಅವ್ವಾ, ಅದು ನಿನ್ನ ಹಕ್ಕು," ಎಂದೆ.

"ಹೌದು. ಅದಕ್ಕ ಬಿಡಾಕ ಬರ್ತೈತಿ. ನಂದಲ್ಲದ್ದನ್ನ ನಾ ಹ್ಯಾಂಗ ಬಿಡ್ಲಿ?"

"ಓಣಿಯೆಲ್ಲಾ ಕಳ್ಳಿ ಅಂದೈತಿ ನಿನಗ!"

"ನನ್ನ ಸ್ವಾಮಿಗೆ ಅದಕಿಂತ ಕೆಟ್ಟದ್ದು ಅಂದ್ರು. ಕ್ಷಮಾ ಮಾಡಾಕ ಅಂವ ಪಂಚರನ್ನ ಕೂಡಸಲಿಲ್ಲ. ನಡಿ."

ನಾವು ಹೋದಾಗ ಎದುರು ಮನೆಯಾಕೆ ತನ್ನ ಬಾಗಿಲಲ್ಲೇ ನಿಂತಳು. ಮುಖ ಬಾತಿತ್ತು.

"ನಾಳೆ ನಾನಽ ಬರೂದೈತಲ್ಲ. ಇವತ್ತ ಬೈಯಾಕ ಬಂದಿಯೇನು?"

"ಇಲ್ರೀ ಅಕ್ಕಾರ. ನಾಳೆ ಬರಬ್ಯಾಡ್ರಿ. ನಾ ಬಿಟ್ಟೇನಿ."

"ಸುಳ್ಳು. ಯಾರರ ಬಿಡ್ತಾರೇನು?"

"ನಾ ಬಿಟ್ಟೇನ್ರಿ. ನನ್ನ ಮಗಳು ಬಿಟ್ಟಿಲ್ಲ, ಆಕಿ ಮಾರಿ ನೋಡ್ರಿ."

ಆಕೆ ನನ್ನ ಮುಖ ನೋಡಿದಳು. ನಗು ಬಂದಿತ್ತೋ ಅಳುವೋ, ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಇದನ್ನು ಓಣಿ ಸೋಲೆಂದೇ ತಿಳಿಯುತ್ತದೆ, ಕಳ್ಳಿ ಎಂಬ ಹೆಸರು ಉಳಿದೇ ಬಿಡುತ್ತದೆ ಎಂದು ನಾನು ಹೆದರಿದ್ದೆ. ಅವ್ವ ಮಾತ್ರ ಅಂದು ಹೊಟ್ಟೆ ತುಂಬ ಉಂಡು, ಹಾಡುತ್ತ ಮಷೀನಿಗೆ ಎಣ್ಣೆ ಬಿಟ್ಟಳು. ಹೊಲಿಯಲು ಒಂದು ತುಂಡು ಬಟ್ಟೆಯೂ ಇರಲಿಲ್ಲ. ಆ ಹಾಡು ಯಾವುದೆಂದು ಬರೆದುಕೊಳ್ಳಲಿಲ್ಲವಲ್ಲ ಎಂದು ಈಗ ಅನ್ನಿಸುತ್ತದೆ.

ಐತವಾರ ನಾವು ಚರ್ಚಿನಿಂದ ಬರುವಾಗ ಎದುರು ಮನೆಯಾಕೆ ತುಂಬಿದ ಕೊಡದ ಜೊತೆ ನಳದ ಮುಂದೆ ನಿಂತಿದ್ದಳು. ಯಾರೂ ಕರೆಸಿರಲಿಲ್ಲ.

"ಇಲ್ಲೇ ಅಂದಿದ್ನಿ, ಇಲ್ಲೇ ಹೇಳ್ತೇನಿ," ಎಂದಳು, ಗಟ್ಟಿಯಾಗಿ. "ಈಕಿ ಕಳ್ಳಿ ಅಲ್ಲ. ಮರತಾಕಿ ನಾನು, ಹೆಸರ ಕೆಡಿಸಿದಾಕಿನೂ ನಾನು."

ಯಾರೋ ಮುದುಕಿ, "ಹಂಗಾರ ನಮಗೂ ಒಮ್ಮಿ ಮರತು ಉಡಿ ತುಂಬವಾ!" ಎಂದಳು. ನಳದ ಮುಂದೆ ನಗೆಯೋ ನಗೆ. ಮೊದಲು ನಕ್ಕವಳು ಅವ್ವ.

ಅವಳು ಬಾಗಿ ಆಕೆಯ ಕೊಡವನ್ನು ಎತ್ತಿ ತನ್ನ ಟೊಂಕಕ್ಕೆ ಇಟ್ಟುಕೊಂಡಳು. ಹೆಂಗಸರು ದಾರಿ ಬಿಟ್ಟರು. ಚರ್ಚಿನ ಬಿಳಿ ಸೀರೆಯ ಮೇಲೆ ನೀರು ತುಳುಕುತ್ತಿದ್ದರೂ ಅವ್ವ ತಲೆಯೆತ್ತಿ ಓಣಿಯ ನಡುವೆ ನಡೆದಳು. ತನ್ನ ಮನೆಯ ಬಾಗಿಲಲ್ಲಿ ಆಕೆ ಕೊಡಕ್ಕೆ ಕೈ ಚಾಚಲಿಲ್ಲ.

"ಒಳಗ ಬಾ," ಎಂದಳು, "ಅಡಗಿಮನಿಯೊಳಗಽ ಇಡು."